ಮದ್ದಳೆಯ ಕಾಣಿಕೆ: ಬಳ್ಳಿಗಾವೆಯ ಶಾಸನಗಳೂ ಅಲ್ಲಮನ ಚರಿತೆಯೂ

ಪ್ರಿಯಜನರಿಗೆ ಕಾಣಿಕೆ ಕೊಡುವುದು ಮಾನವನ ಅತಿ ಪ್ರಾಚೀನವಾದ ನಡವಳಿಕೆಗಳಲ್ಲಿ ಒಂದಾಗಿದೆ. ಹೂವು, ವಸ್ತ್ರ, ಗಂಧ, ಆಭರಣ ಮೊದಲಾದ ವಸ್ತುಗಳ ವಿಷಯದಲ್ಲಿ ನಮ್ಮ ಕಾವ್ಯಗಳೂ ಶಾಸ್ತ್ರಗ್ರಂಥಗಳೂ ಸಾಕಷ್ಟು ಹೇಳುತ್ತವೆ. ಆದರೆ ಒಬ್ಬ ವ್ಯಕ್ತಿಗಾಗಿಯೇ ಹಾಡಿದ ಹಾಡು, ಒಬ್ಬ ವ್ಯಕ್ತಿಯ ಹೆಜ್ಜೆಗಾಗಿಯೇ ನುಡಿಸಿದ ಮದ್ದಳೆ, ಇವೂ ಕಾಣಿಕೆಗಳೇ ಸರಿ. ಇವು ಕೊಟ್ಟ ಕ್ಷಣದಲ್ಲಿಯೇ ಮುಗಿದುಹೋಗುವಂಥವು. ಪೆಟ್ಟಿಗೆಯಲ್ಲಿಡಲು ಬಾರದು, ತೂಗಿ ಬೆಲೆ ಕಟ್ಟಲು ಬಾರದು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲೂ ಬಾರದು. ಇಂಥ ಕಾಣಿಕೆಗೆ ಇತಿಹಾಸವುಂಟೆ? ಉಂಟಾದರೆ ಅದನ್ನು ಯಾವ ಆಧಾರಗಳಿಂದ ಅರಿಯಬೇಕು? ಶಿಕಾರಿಪುರ ಮತ್ತು ಸೊರಬ ಸೀಮೆಯ ಶಾಸನಗಳನ್ನೂ, ಆ ಸೀಮೆಯ ಒಬ್ಬ ಮದ್ದಳೆಗಾರನ ವಿಷಯವಾಗಿ ಹುಟ್ಟಿದ ಎರಡು ಕಾವ್ಯಗಳನ್ನೂ ಎದುರುಬದುರಾಗಿ ಇರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಇಂದು ಶಿವಮೊಗ್ಗ ಜಿಲ್ಲೆಗೆ ಸೇರಿವೆ. ಪ್ರಾಚೀನ ಕಾಲದಲ್ಲಿ ಇವು ಬನವಾಸಿ ಹನ್ನೆರಡು ಸಾಸಿರದ ಹೃದಯಭಾಗವಾಗಿದ್ದುವು. ಬಂದಣಿಕೆಯನ್ನು ಮುಖ್ಯಸ್ಥಾನವಾಗಿ ಉಳ್ಳ ನಾಗರಖಂಡ ಎಪ್ಪತ್ತು ಎಂಬ ವಿಭಾಗವು ಇಲ್ಲಿಯೇ ಹರಡಿತ್ತು. ವರದಾ ನದಿಯು ಸೊರಬ ಸೀಮೆಯನ್ನು ಹಾದು ನೆರೆಯ ಬನವಾಸಿಯನ್ನು ಸೇರುತ್ತದೆ. ಕದಂಬರ ತಾಳಗುಂದ, ಕಾಳಾಮುಖ ಯತಿಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಇವೆಲ್ಲವೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಕುಬಟೂರು, ಉದ್ರಿ, ಚಂದ್ರಗುತ್ತಿಗಳು ಸೊರಬ ತಾಲ್ಲೂಕಿನಲ್ಲಿವೆ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ೧೯೦೨ರಲ್ಲಿ ಎಪಿಗ್ರಾಫಿಯ ಕರ್ಣಾಟಕದ ೭ನೆಯ ಸಂಪುಟದಲ್ಲಿಯೂ, ಸೊರಬದ ಶಾಸನಗಳನ್ನು ೧೯೦೪ರಲ್ಲಿ ೮ನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಕರ್ನಾಟಕದಲ್ಲಿ ಇಷ್ಟು ನಿಬಿಡವಾದ ಶಾಸನಸಂಪತ್ತುಳ್ಳ ಪ್ರದೇಶಗಳು ವಿರಳವೆಂದೇ ಹೇಳಬೇಕು.

ಈ ಶಾಸನಗಳಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮಹತ್ತ್ವವುಳ್ಳದ್ದು ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ, ಕಳಚುರಿ ಬಿಜ್ಜಳನ ಕಾಲದ ೧೧೬೨ರ ಶಾಸನ. ಇದರಲ್ಲಿ ಕೋಡಿಯ ಮಠದ ವಿಸ್ತಾರವಾದ ವರ್ಣನೆಯಿದೆ. ವೇದ, ವ್ಯಾಕರಣ, ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನವು ಅಲ್ಲಿ ನಡೆಯುತ್ತಿತ್ತೆಂದೂ, ರೋಗಿಗಳಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತೆಂದೂ ಅದರಿಂದ ತಿಳಿಯಬರುತ್ತದೆ. ಅಲ್ಲಿ ನಿತ್ಯವೂ ಅನ್ನ ಪಡೆಯುತ್ತಿದ್ದವರ ಪಟ್ಟಿಯಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರ ಬೆನ್ನಿಗೇ ಕಥೆ ಹೇಳುವವರು, ಗಾಯಕರು, ವಾದಕರು, ಕೊಳಲೂದುವವರು, ನರ್ತಕರು, ಹೊಗಳುಭಟರು ಬರುತ್ತಾರೆ. ಆಮೇಲೆ ನಾನಾ ಪಂಥಗಳ ಸನ್ಯಾಸಿಗಳು ಬರುತ್ತಾರೆ.

ಈ ಪಟ್ಟಿಯ ಕ್ರಮವನ್ನು ಗಮನಿಸಬೇಕು. ಸಂಗೀತಗಾರರು ಇಲ್ಲಿ ದೀನರ ಮತ್ತು ಸನ್ಯಾಸಿಗಳ ನಡುವೆ ನಿಂತಿದ್ದಾರೆ. ಇವರ ವಿದ್ಯೆಗೆ ಮಠವು ಅನ್ನವನ್ನಿತ್ತಿತು. ಆದರೆ ಈ ಪಟ್ಟಿಯಲ್ಲಿ ಇವರಿಗೆ ಹೆಸರಿಲ್ಲ. ಮದ್ದಳೆಗಾರ, ಗಾಯಕ, ಪಾತ್ರದವಳು ಎಂಬ ವೃತ್ತಿನಾಮಗಳೇ ನಮ್ಮ ಶಾಸನಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ದೇವರ ಅಂಗಭೋಗ, ರಂಗಭೋಗಗಳಿಗಾಗಿ ಬಿಟ್ಟ ಭೂಮಿಯಲ್ಲಿ ಇವರಿಗೂ ಪಾಲಿತ್ತು; ನಾದವು ದೇವರಿಗೆ ಸಲ್ಲತಕ್ಕ ಸೇವೆಯಾಗಿ, ಭೂಮಿಯು ಅದಕ್ಕೆ ಪ್ರತಿಫಲವಾಗಿ ಲೆಕ್ಕಕ್ಕೆ ಸೇರಿದುವು. ಪಟ್ಟದಕಲ್ಲಿನ ಶಾಸನವೊಂದು ಅಚಲನೆಂಬ ನಟನನ್ನು ಹೆಸರಿಸಿ ಕೊಂಡಾಡಿರುವಂತಹ ನಿದರ್ಶನಗಳು ಇಲ್ಲವೆಂದಲ್ಲ, ಅವು ಅಪವಾದಗಳು. ಬೇಲೂರಿನ ಮದನಿಕೆಯರ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೊರೆದು ಹೋಗಿದ್ದಾರೆ. ಕಲ್ಲಿನಲ್ಲಿ ಕೆಲಸ ಮಾಡುವವನಿಗೆ ಕಲ್ಲು ಒದಗಿಬಂತು. ಅದೇ ಊರಿನ ಮದ್ದಳೆಗಾರನಿಗೆ ಆ ಅನುಕೂಲವಿರಲಿಲ್ಲ.

೨

ಹಾಗಾದರೆ ಪ್ರೇಮಿಗಳ ಕಾಣಿಕೆಯ ವಿಷಯವಾಗಿ ಶಾಸನಗಳು ಸಂಪೂರ್ಣವಾಗಿ ಮೌನವಾಗಿವೆಯೆ? ಇಲ್ಲ. ಆದರೆ ಅವು ಮಾತನಾಡುವ ರೀತಿ ಬೇರೆ. ಮೂರು ನಿದರ್ಶನಗಳನ್ನು ಇಲ್ಲಿ ನೋಡಬಹುದು.

ಮೊದಲನೆಯದು ಬಾದಾಮಿಯ ಸಮೀಪದ ಮಹಾಕೂಟದ್ದು. ಚಾಲುಕ್ಯ ವಿಜಯಾದಿತ್ಯನ (೬೯೬-೭೩೩) ಪ್ರಾಣವಲ್ಲಭೆಯೆಂದು ವರ್ಣಿತಳಾದ ವಿನಾಪೋಟಿಯೆಂಬ ಗಣಿಕೆಯು ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿ ಭೂದಾನವನ್ನು ಮಾಡಿದಳು. ಅರಸನ ಪ್ರೀತಿಗೆ ಪಾತ್ರಳಾದವಳೆಂಬ ಸಂಗತಿ ನಮಗೆ ತಿಳಿಯುವುದು ಅವಳು ದೇವರಿಗೆ ಕೊಟ್ಟ ಕಾಣಿಕೆಯ ಮೂಲಕ. ಅರಸನು ಅವಳಿಗೆ ಏನನ್ನು ಕೊಟ್ಟನು, ಅವಳು ಅರಸನಿಗೆ ಏನನ್ನು ಕೊಟ್ಟಳು ಎಂಬುದು ಆ ಶಾಸನದ ವಿಷಯವಲ್ಲ.

ಎರಡನೆಯದು ಸೊರಬ ತಾಲ್ಲೂಕಿನ ಕುಬಟೂರಿನದು. ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಅಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಕಟ್ಟಿಸಿ ಅದಕ್ಕೆ ದತ್ತಿಯನ್ನು ಒದಗಿಸಿದಳೆಂದು ೧೦೭೭ರ ಶಾಸನವು ತಿಳಿಸುತ್ತದೆ. ಅರಸಿಯ ಹೆಸರೂ ಅರಸನ ಹೆಸರೂ ಒಟ್ಟಾಗಿ ಉಳಿದಿರುವುದು ಇಲ್ಲಿಯೂ ದೇವರ ಮನೆಯ ಹೊಸ್ತಿಲಲ್ಲಿಯೇ.

ಮೂರನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾಗಿದೆ. ಬಿಜ್ಜಳನ ಮಗ ಸೋವಿದೇವನ ರಾಣಿ ಸಾವಳದೇವಿಯು ಗೀತನೃತ್ಯಗಳಲ್ಲಿ ಪ್ರವೀಣೆಯಾಗಿದ್ದಳು. ಅವಳ ತವರಿನವರೂ ಸಂಗೀತದಲ್ಲಿ ಹೆಸರಾದವರು. ಬೆಳಗಾವಿ ಜಿಲ್ಲೆಯ ಕೊಕಟನೂರಿನಲ್ಲಿ ದೊರೆತ ೧೧೭೪ರ ತಾಮ್ರಶಾಸನದಿಂದ, ಅವಳು ತುಂಬಿದ ಸಭೆಯಲ್ಲಿ ತನ್ನ ಕಲೆಯನ್ನು ಪ್ರದರ್ಶಿಸಿ ಅರಸನನ್ನು ಮೆಚ್ಚಿಸಿ, ಭೂದಾನ ಮಾಡಲು ಅವನ ಅನುಮತಿಯನ್ನು ಪಡೆದಳೆಂದು ವಿದಿತವಾಗುತ್ತದೆ. ಇಲ್ಲಿ ಹೆಂಡತಿಯು ಗಂಡನ ಮುಂದೆ ಸಂಗೀತವನ್ನಿರಿಸಿದಳು. ಗಂಡನು ಅದಕ್ಕೆ ಪ್ರತಿಯಾಗಿ ಅವಳ ಇಚ್ಛೆಯನ್ನು ನಡೆಸಿಕೊಟ್ಟನು. ಪ್ರಿಯನಿಗೆ ಕೊಟ್ಟ ನಾದವು ದಾಖಲೆಗೆ ಬಂದಿರುವ ಅಪೂರ್ವ ಪ್ರಸಂಗವಿದು. ಆದರೂ ಅದು ತಾಮ್ರದ ಮೇಲೆ ಬರೆಯಲ್ಪಡಲು ಕಾರಣವಾದುದು ಕೊನೆಗೆ ಕೈಬದಲಾದ ಭೂಮಿಯೇ ಹೊರತು ಹಾಡಲ್ಲ. ಭೂದಾನವಿಲ್ಲದೆ ಸಾವಳದೇವಿ ಹಾಡಿದ ಬೇರೆ ದಿನಗಳಿಗೆ ದಾಖಲೆಯಿರಲು ಸಾಧ್ಯವಿರಲಿಲ್ಲ.

ಈ ಮೂರು ನಿದರ್ಶನಗಳಿಂದ ಒಂದು ಸಾಮಾನ್ಯ ತತ್ತ್ವವು ಹೊರಪಡುತ್ತದೆ. ಶಾಸನವು ಹಕ್ಕಿನ ದಾಖಲೆ. ನಾಳೆ ವಿವಾದಕ್ಕೆ ಬರಬಹುದಾದ ವಸ್ತುವನ್ನು ಮಾತ್ರ ಅದು ಕಾಪಾಡುತ್ತದೆ. ಇಬ್ಬರ ನಡುವೆ ನಡೆದು ಅಲ್ಲಿಯೇ ಮುಗಿದ ಕೊಡುಕೊಳೆಗೆ ಅದರಲ್ಲಿ ಎಡೆಯಿಲ್ಲ. ಆದುದರಿಂದ ನಾವು ಶಾಸನವನ್ನು ಬಿಟ್ಟು ಅನ್ಯ ಆಧಾರಗಳತ್ತ ತಿರುಗಬೇಕಾಗುತ್ತದೆ.

೩

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವು ಆ ಕಾಲದ ಸಂಗೀತಕ್ಕೆ ಪ್ರಮುಖ ಆಧಾರಗ್ರಂಥವಾಗಿದೆ. ಅದರ ವಿನೋದವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಯಾವ ಬಂಧದ ಹಾಡನ್ನು ಯಾವ ಸಂದರ್ಭದಲ್ಲಿ ಹಾಡಬೇಕೆಂಬುದನ್ನು ದೊರೆಯು ಅಲ್ಲಿ ಹೇಳಿದ್ದಾನೆ: ಕಥನಕ್ಕೆ ಷಟ್ಪದಿ, ಮದುವೆಗೆ ಧವಳ, ಕುಟ್ಟುವ ಕೆಲಸಕ್ಕೂ ಅಗಲಿಕೆಯ ಶೃಂಗಾರಕ್ಕೂ ತ್ರಿಪದಿ. ಒನಕೆಯ ಹಾಡಿಗೂ ವಿರಹದ ಹಾಡಿಗೂ ಒಂದೇ ಮೂರು ಸಾಲಿನ ಬಂಧವನ್ನು ವಿಧಿಸಿರುವುದು ಗಮನಾರ್ಹವಾಗಿದೆ. ದೂರದಲ್ಲಿರುವ ಪ್ರಿಯನನ್ನು ನೆನೆದು ಹಾಡಲು ಹೆಣ್ಣಿಗೆ ಅರಮನೆಯ ವೇದಿಕೆಯೇ ಬೇಕಾಗಿರಲಿಲ್ಲ. ಒರಳಿನ ಮುಂದೆಯೂ ಅದು ಸಾಧ್ಯವಿತ್ತು. ೧೨ನೆಯ ಶತಮಾನದ ಕನ್ನಡ ನಾಡಿನಲ್ಲಿ ಹಾಡು ಪ್ರಿಯಜನರಿಗೆ ಸಲ್ಲುವ ಸಂದೇಶವಾಗಿತ್ತೆಂಬುದಕ್ಕೆ ಇದು ಸಾಕಾದ ಪ್ರಮಾಣ. ಆದರೆ ಶಾಸ್ತ್ರಗ್ರಂಥವು ವಿಧಿಯನ್ನು ಹೇಳುತ್ತದೆಯೇ ವಿನಾ ಹಾಡಿದವರು ಯಾರು, ಕೇಳಿದವರು ಯಾರು ಎಂಬುದನ್ನು ಹೇಳುವುದಿಲ್ಲ. ಹೆಸರುಳ್ಳ ಒಬ್ಬ ವಾದಕ, ಹೆಸರುಳ್ಳ ಒಬ್ಬ ಪ್ರಿಯೆ ನಮಗೆ ದೊರೆಯುವುದು ಕಾವ್ಯದಲ್ಲಿ.

ಆ ವಾದಕನು ಬೇರೆ ಯಾರೂ ಅಲ್ಲ, ಬಳ್ಳಿಗಾವೆಯ ಅಲ್ಲಮ. ಬಸವಣ್ಣನವರ ಸಮಕಾಲೀನನಾಗಿ, ಅನುಭಾವಿಗಳಲ್ಲಿ ಅಗ್ರಗಣ್ಯನಾಗಿ, ಗುಹೇಶ್ವರನೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಅಲ್ಲಮಪ್ರಭುವು ಪೂರ್ವಾಶ್ರಮದಲ್ಲಿ ಮದ್ದಳೆಗಾರನಾಗಿದ್ದನೆಂಬ ವಿಷಯದಲ್ಲಿ ಹರಿಹರನೂ ಚಾಮರಸನೂ ಏಕಾಭಿಪ್ರಾಯವುಳ್ಳವರು. ಕೋಡಿಯ ಮಠದ ಶಾಸನವು ಹೆಸರಿಲ್ಲದ ವಾದಕರನ್ನು ಎಣಿಸಿದ ೧೧೬೨ನೆಯ ವರ್ಷವು ಅಲ್ಲಮನ ಜೀವಿತಕಾಲಕ್ಕೇ ಸೇರಿದ್ದು, ಊರೂ ಅವನದೇ. ಆ ಪಟ್ಟಿಯಲ್ಲಿ ಅವನಿದ್ದನೆಂದು ನಾವು ಹೇಳುವುದಿಲ್ಲ. ಅವನು ಯಾವ ವರ್ಗದಿಂದ ಬಂದನೋ ಆ ವರ್ಗದ ಸ್ಥಿತಿಯನ್ನು ಆ ಪಟ್ಟಿಯು ತೋರಿಸುತ್ತದೆಂದು ಹೇಳಿದರೆ ತಪ್ಪಾಗಲಾರದು.

ಹರಿಹರನು ಅಲ್ಲಮನಿಗೆ ಕಾಲದಲ್ಲಿ ಅತ್ಯಂತ ಸಮೀಪದ ಚರಿತ್ರಕಾರ. ಅವನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ನಾಗವಾಸಾಧಿಪತಿಯ ಮಗ, ಎಂದರೆ ನೃತ್ಯಗೀತಗಳನ್ನೇ ಕುಲವೃತ್ತಿಯಾಗಿ ಉಳ್ಳ ಸಮುದಾಯದ ಮುಖ್ಯನ ಮಗ. ಮದ್ದಳೆಯಲ್ಲಿ ಅವನದು ಅಸಾಧಾರಣ ನೈಪುಣ್ಯ. ಅವನಿಗೂ ಕಮಲತೆಗೂ ಪ್ರೇಮವುಂಟಾಗುತ್ತದೆ. ಇಬ್ಬರೂ ಕೂಡಿ ಸುಖದಿಂದ ಬಾಳುತ್ತಾರೆ. ಆಮೇಲೆ ಕಮಲತೆಯು ಜ್ವರ ಬಂದು ತೀರಿಕೊಳ್ಳುತ್ತಾಳೆ. ಅಲ್ಲಮನು ದುಃಖದಿಂದ ಮತಿಗೆಟ್ಟವನಂತೆ ಅಲೆಯುತ್ತಾನೆ. ಒಂದೆಡೆ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಿನ ಕಳಶವೊಂದು ಕಾಣುತ್ತದೆ; ಅಗೆದಾಗ ದೇವಾಲಯವು ಗೋಚರಿಸುತ್ತದೆ; ಅದರೊಳಗೆ ಅನಿಮಿಷಯ್ಯನೆಂಬ ಯೋಗಿಯಿಂದ ಅವನಿಗೆ ಲಿಂಗವು ದೊರೆಯುತ್ತದೆ. ಅಲ್ಲಿಂದ ಮುಂದೆ ಅವನು ಪ್ರಭುದೇವ.

ಹರಿಹರನ ಕಥೆಯಲ್ಲಿ ಪ್ರೇಮಕ್ಕೂ ಜ್ಞಾನಕ್ಕೂ ನಡುವೆ ಇರುವುದು ಮರಣ. ಪ್ರೇಮವನ್ನು ಅವನು ಪಾಪವೆಂದಾಗಲಿ ಭ್ರಮೆಯೆಂದಾಗಲಿ ತಳ್ಳಿಹಾಕಿಲ್ಲ. ಕಮಲತೆಯ ಸಾವು ಅಲ್ಲಮನನ್ನು ಅಷ್ಟು ಆಳವಾಗಿ ಕಲಕದಿದ್ದರೆ ಅವನು ಆ ನೆಲವನ್ನು ಕೆರೆಯುತ್ತಿರಲಿಲ್ಲ. ಮದ್ದಳೆಯನ್ನು ಬಲ್ಲ ಗಂಡು, ಅದನ್ನು ಮೆಚ್ಚಬಲ್ಲ ಹೆಣ್ಣು, ಅವರ ನಡುವಣ ನಿಜವಾದ ಅನುರಾಗ, ಅದರ ನಾಶದಿಂದ ಉಂಟಾದ ನಿಜವಾದ ಶೋಕ, ಇವು ಅವನ ಕಥೆಯ ಅಡಿಪಾಯ.

೪

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿ ಏಳುತ್ತದೆ. ದೇವಾಲಯದ ಮದ್ದಳೆಗಾರನ ನಾದವು ದೇವರಿಗೆ ಸಲ್ಲತಕ್ಕದ್ದಲ್ಲವೆ? ಅದು ಒಬ್ಬ ಹೆಣ್ಣಿಗೆ ಕಾಣಿಕೆಯಾಗುವುದು ಹೇಗೆ? ನಮ್ಮ ದೇವಾಲಯಗಳ ರಂಗಮಂಟಪದ ರಚನೆಯೇ ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ಗರ್ಭಗುಡಿಯ ಎದುರಿಗೆ, ನಾಲ್ಕು ಕಂಬಗಳ ನಡುವಣ ನೆಲದಲ್ಲಿ ನರ್ತಕಿಯು ನಿಲ್ಲುತ್ತಾಳೆ. ಮದ್ದಳೆಯವನ ದೃಷ್ಟಿಯಾದರೋ ಅವಳ ಪಾದಗಳ ಮೇಲಿರಬೇಕು. ಸೇವೆಯು ದೇವರದು, ಪೆಟ್ಟು ಹೆಜ್ಜೆಗೆ ಒದಗತಕ್ಕದ್ದು. ಪ್ರತಿಯೊಬ್ಬ ನರ್ತಕಿಯ ನಡೆಯೂ ಬೇರೆಯಾದುದರಿಂದ ಅವಳಿಗೆ ತಕ್ಕಂತೆಯೇ ಬಾರಿಸಬೇಕು. ಇನ್ನೊಬ್ಬಳಿಗೆ ಅದೇ ವಾದನವು ಒಗ್ಗದು. ಹೀಗೆ ಸಭೆಯೆಲ್ಲವೂ ಕೇಳುತ್ತಿರುವ ನಾದದಲ್ಲಿ ಒಬ್ಬಳಿಗೆ ಮಾತ್ರ ಸಲ್ಲುವ ಅಂಶವೊಂದು ಸೇರಿಕೊಂಡಿರುತ್ತದೆ. ಅದನ್ನು ಕೊಟ್ಟವನೂ ಪಡೆದವಳೂ ಬಲ್ಲರು. ಮಠದ ಲೆಕ್ಕಪತ್ರವು ಅರಿಯದು.

ಅನ್ಯ ದೇಶಗಳ ಪದ್ಧತಿಯೊಡನೆ ಹೋಲಿಸಿದರೆ ಈ ವ್ಯವಸ್ಥೆಯ ವಿಶೇಷವು ಇನ್ನೂ ಸ್ಫುಟವಾಗುತ್ತದೆ. ಫಿಲಿಪೀನ್ಸ್ ದ್ವೀಪಗಳಲ್ಲಿ ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಬೆಳೆದ ಹರಾನ ಎಂಬ ಸಂಪ್ರದಾಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತರುಣನು ರಾತ್ರಿಯ ವೇಳೆ ಗೆಳೆಯರೊಡನೆ ಗಿಟಾರು ಹಿಡಿದು ತಾನು ಮೆಚ್ಚಿದ ಕನ್ಯೆಯ ಕಿಟಕಿಯ ಕೆಳಗೆ ನಿಂತು ಹಾಡುತ್ತಿದ್ದನು. ಕಿಟಕಿ ತೆರೆದರೆ ಅದು ಒಪ್ಪಿಗೆಯ ಮೊದಲ ಕುರುಹು. ಮೂರು ಮಾತ್ರೆಯ ಲಯವುಳ್ಳ ಕುಂಡಿಮಾನ್ ಎಂಬ ಅಲ್ಲಿಯ ಪ್ರೇಮಗೀತೆಯನ್ನು ೨೦ನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿಸ್ಕೊ ಸಾಂತಿಯಾಗೊ ಮತ್ತು ನಿಕಾನೊರ್ ಅಬೆಲಾರ್ಡೊ ಎಂಬ ರಚನಕಾರರು ಶಾಸ್ತ್ರೀಯ ಗೀತೆಯ ಮಟ್ಟಕ್ಕೆ ಏರಿಸಿದರು. ಅಲ್ಲಿ ಹಾಡು ಯಾರಿಗೆ ಸಲ್ಲುತ್ತದೆಂಬುದು ಗುಟ್ಟಲ್ಲ. ಮನೆಯವರೂ ನೆರೆಯವರೂ ಕೇಳುವಂತೆಯೇ ಕಾಣಿಕೆಯನ್ನು ಕೊಡಲಾಗುತ್ತಿತ್ತು. ಬಳ್ಳಿಗಾವೆಯ ಮದ್ದಳೆಗಾರನಿಗೆ ಇಂಥ ಕಿಟಕಿಯಿರಲಿಲ್ಲ. ಅವನ ನಾದಕ್ಕೆ ದೇವರೆಂಬ ಒಡೆಯನು ಮೊದಲೇ ಇದ್ದನು. ಆದುದರಿಂದ ಅವನ ಕಾಣಿಕೆಯು ಸೇವೆಯ ಒಳಗೆ ಅಡಗಿಕೊಂಡೇ ಸಾಗಬೇಕಾಯಿತು. ಮುಂದಿನವರು ಅದನ್ನು ಸುಲಭವಾಗಿ ಅಲ್ಲಗಳೆಯಲು ಸಾಧ್ಯವಾದುದೂ ಈ ಕಾರಣದಿಂದಲೇ.

೫

ಹೀಗೆ ಅಲ್ಲಗಳೆದ ಕಥೆಯು ನಮಗೆ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ದೊರೆಯುತ್ತದೆ. ಇದು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಎಂದರೆ ೧೫ನೆಯ ಶತಮಾನದ ಪೂರ್ವಾರ್ಧದಲ್ಲಿ, ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಕಾವ್ಯ. ತೆಲುಗು, ತಮಿಳು, ಮರಾಠಿಗಳಿಗೂ ಪರಿವರ್ತನೆಗೊಂಡು ದೊಡ್ಡ ಕೀರ್ತಿಯನ್ನು ಪಡೆದಿದೆ. ಇದರಲ್ಲಿ ಅಲ್ಲಮನ ತಂದೆತಾಯಿಗಳು ನಿರಹಂಕಾರ ಮತ್ತು ಸುಜ್ಞಾನಿ. ನಾಯಿಕೆಯ ಹೆಸರು ಕಮಲತೆಯಲ್ಲ, ಮಾಯೆ. ಅವಳು ಬನವಾಸಿಯ ಅರಸ ಮಮಕಾರ ಮತ್ತು ಮೋಹಿನಿಯರ ಮಗಳು. ಅಲ್ಲಮನನ್ನು ಪರೀಕ್ಷಿಸುವುದಕ್ಕಾಗಿ ಪಾರ್ವತಿಯು ಕೈಲಾಸದಿಂದ ಕಳುಹಿಸಿದ ತಾಮಸ ಕಳೆಯೇ ಈ ಮಾಯೆ. ಅಲ್ಲಮನು ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಾನೆ; ಮಾಯೆಯು ಮರುಳಾಗುತ್ತಾಳೆ; ಅವನ ವಾದನಕ್ಕೆ ಅವಳು ನರ್ತಿಸುತ್ತಾಳೆ. ಆದರೆ ಅವನ ಮನಸ್ಸು ಎಳ್ಳಷ್ಟೂ ಅಂಟುವುದಿಲ್ಲ. ಕೊನೆಗೆ ಅವನು ಅವಳ ಕೈಗೆ ಸಿಕ್ಕದೆ ಹೊರಟುಹೋಗುತ್ತಾನೆ.

ಎರಡು ಕಥೆಗಳನ್ನೂ ಹೋಲಿಸಿದಾಗ ಬದಲಾವಣೆಯು ಎಲ್ಲಿ ನಡೆದಿದೆಯೆಂಬುದು ಸ್ಪಷ್ಟವಾಗುತ್ತದೆ. ಮದ್ದಳೆಯು ಎರಡರಲ್ಲಿಯೂ ಉಳಿದಿದೆ. ಮಾರ್ಪಟ್ಟಿರುವುದು ಅದನ್ನು ಪಡೆದವಳ ಸ್ಥಾನ. ಹರಿಹರನಲ್ಲಿ ಅವಳು ಹುಟ್ಟಿ, ಪ್ರೀತಿಸಿ, ಜ್ವರದಿಂದ ಸತ್ತ ಮಾನವಸ್ತ್ರೀ. ಚಾಮರಸನಲ್ಲಿ ಅವಳು ತತ್ತ್ವದ ಸಂಕೇತ. ಮಾನವಸ್ತ್ರೀಗೆ ಕಾಣಿಕೆಯನ್ನು ಕೊಡಬಹುದು, ಅವಳು ಸತ್ತರೆ ಅಳಬಹುದು. ಸಂಕೇತಕ್ಕೆ ಏನನ್ನೂ ಕೊಡಲು ಬಾರದು. ಅದನ್ನು ಗೆಲ್ಲಬಹುದು, ಇಲ್ಲವೆ ಅದಕ್ಕೆ ಸೋಲಬಹುದು. ಪ್ರಭುವಿನ ನಿರ್ಲೇಪತೆಯನ್ನು ಎತ್ತಿಹಿಡಿಯುವುದು ಚಾಮರಸನ ಉದ್ದೇಶ. ಭಕ್ತರಿಗೆ ಆ ಕಾವ್ಯವು ಪೂಜ್ಯವಾದುದು ಸಹಜವೇ ಆಗಿದೆ, ಅದರ ಕಾವ್ಯಗುಣವೂ ನಿಸ್ಸಂದೇಹವಾಗಿ ಉನ್ನತವಾದುದು. ಆದರೆ ಇತಿಹಾಸದ ವಿದ್ಯಾರ್ಥಿಯು ಲೆಕ್ಕಿಸಬೇಕಾದ ನಷ್ಟವೊಂದು ಇಲ್ಲಿ ಸಂಭವಿಸಿದೆ. ನಾಗವಾಸದ ಮದ್ದಳೆಗಾರನೊಬ್ಬನು ಒಬ್ಬಳನ್ನು ಮನಸಾರೆ ಪ್ರೀತಿಸಿದನೆಂಬುದನ್ನು ಹರಿಹರನ ಕಾಲದ ಶ್ರೋತೃಗಳು ಗುರುವಿನ ಮಹಿಮೆಗೆ ಕುಂದಿಲ್ಲದಂತೆ ಕೇಳಬಲ್ಲವರಾಗಿದ್ದರು. ಚಾಮರಸನ ಕಾಲಕ್ಕೆ ಆ ಪ್ರೀತಿಯನ್ನು ಪರೀಕ್ಷೆಯಾಗಿ ಮಾರ್ಪಡಿಸುವುದು ಅಗತ್ಯವೆನಿಸಿತು.

ಇದರಲ್ಲಿರುವ ಒಂದು ವಿಪರ್ಯಾಸವನ್ನೂ ಹೇಳದೆ ಬಿಡಲಾಗದು. ಹೊನ್ನು, ಹೆಣ್ಣು, ಮಣ್ಣುಗಳನ್ನು ಮಾಯೆಯೆಂದು ಕರೆಯುವ ಲೋಕದ ರೂಢಿಯನ್ನು ಅಲ್ಲಮನು ತನ್ನ ಸುಪ್ರಸಿದ್ಧ ವಚನವೊಂದರಲ್ಲಿ ನಿರಾಕರಿಸಿ, ಮಾಯೆಯ ನೆಲೆಯು ಮನುಷ್ಯನ ಬಯಕೆಯಲ್ಲಿದೆಯೆಂದು ಸಾರಿದ್ದಾನೆ. ಹೆಣ್ಣು ಮಾಯೆಯಲ್ಲವೆಂದು ನುಡಿದವನ ಚರಿತೆಯಲ್ಲಿಯೇ ಹೆಣ್ಣಿಗೆ ಮಾಯೆಯೆಂಬ ಹೆಸರು ಬಂದಿತು. ಅಲ್ಲಮನ ಸ್ವಂತ ಮಾತನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹರಿಹರನ ಕಮಲತೆಯೇ ಅವನ ಮನೋಧರ್ಮಕ್ಕೆ ಸಮೀಪದವಳೆಂದು ನಮಗೆ ತೋರುತ್ತದೆ.

ಚಾಮರಸನಲ್ಲಿ ಪಾರ್ವತಿಯು ತಾಮಸ ಕಳೆಯಾದ ಮಾಯೆಯು ಸೋತ ಮೇಲೆ ತನ್ನ ಸಾತ್ತ್ವಿಕ ಕಳೆಯನ್ನು ಕಳುಹಿಸುತ್ತಾಳೆ. ಅವಳೇ ಉಡುತಡಿಯ ಮಹಾದೇವಿ. ಒಂದೇ ಸೀಮೆಯ ಇಬ್ಬರು ಸ್ತ್ರೀಯರು ಹೀಗೆ ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿದ್ದಾರೆ. ಮಹಾದೇವಿಯು ಕೌಶಿಕನ ಅರಮನೆಯ ಐಶ್ವರ್ಯವನ್ನು ತೊರೆದು, ತನ್ನ ಮಾತುಗಳನ್ನೆಲ್ಲ ಚೆನ್ನಮಲ್ಲಿಕಾರ್ಜುನನೆಂಬ ಒಬ್ಬನೇ ನಲ್ಲನಿಗೆ ಒಪ್ಪಿಸಿದಳು. ಆ ವಚನಗಳು ಇಂದಿಗೂ ಹಾಡಾಗಿ ಉಳಿದಿವೆ. ದೈವವನ್ನು ಪ್ರಿಯನೆಂದು ಭಾವಿಸಿ ಕೊಟ್ಟ ಕಾಣಿಕೆಯನ್ನು ಪರಂಪರೆಯು ಕಣ್ಣಿಗೊತ್ತಿಕೊಂಡು ಕಾಪಾಡಿತು. ಮನುಷ್ಯಳಾದ ಪ್ರಿಯೆಗೆ ಕೊಟ್ಟ ಕಾಣಿಕೆಗೆ ಆ ರಕ್ಷಣೆಯು ದೊರೆಯಲಿಲ್ಲ. ವಿನಾಪೋಟಿಯ ಕೊಡೆಗೂ ಸಾವಳದೇವಿಯ ಹಾಡಿಗೂ ಅನ್ವಯಿಸಿದ ನಿಯಮವೇ ಕಾವ್ಯಕ್ಕೂ ಕಾಲಕ್ರಮದಲ್ಲಿ ಅನ್ವಯಿಸಿತೆಂದು ಇದರಿಂದ ಊಹಿಸಬಹುದಾಗಿದೆ.

೬

ಕಮಲತೆಯು ಐತಿಹಾಸಿಕ ವ್ಯಕ್ತಿಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ರಗಳೆಯನ್ನು ಶಾಸನದಂತೆ ಓದಲಾಗದು. ಆದರೆ ಘಟನೆಗೆ ಸಾಕ್ಷಿಯಾಗದ ಕಾವ್ಯವು ಮನೋಭಾವಕ್ಕೆ ಸಾಕ್ಷಿಯಾಗಬಲ್ಲುದು. ಮೇಲಿನ ಪರಿಶೀಲನೆಯಿಂದ ಎರಡು ಸಂಗತಿಗಳು ಸಿದ್ಧಪಡುತ್ತವೆ. ೧೨ನೆಯ ಶತಮಾನದ ಬಳ್ಳಿಗಾವೆಯಲ್ಲಿ ನಾದವು ಅನ್ನಕ್ಕೂ ಭೂಮಿಗೂ ವಿನಿಮಯವಾಗುವ ಸೇವೆಯಾಗಿ ಅಧಿಕೃತ ದಾಖಲೆಯಲ್ಲಿ ನಿಂತಿತು. ಅದೇ ನಾದವು ಒಬ್ಬರು ಇನ್ನೊಬ್ಬರಿಗೆ ಕೊಡುವ ಕಾಣಿಕೆಯೂ ಆಗಬಲ್ಲುದೆಂಬ ತಿಳಿವಳಿಕೆಯನ್ನು ಹರಿಹರನ ರಗಳೆಯು ಉಳಿಸಿಕೊಂಡಿತು, ಮುಂದಿನ ಪರಂಪರೆಯು ಅದನ್ನು ಮರೆಯಿಸಿತು.

ನಮ್ಮ ತರಗತಿಗಳಲ್ಲಿ ಅಲ್ಲಮನ ಚರಿತೆಯನ್ನು ಬೋಧಿಸುವಾಗ ಪ್ರಭುಲಿಂಗಲೀಲೆಯ ಮಾಯೆಯ ಪ್ರಸಂಗವನ್ನು ಹೇಳಿ, ಕಮಲತೆಯ ಹೆಸರನ್ನು ಎತ್ತದೆಯೇ ಮುಂದೆ ಸಾಗುವುದು ವಾಡಿಕೆಯಾಗಿಬಿಟ್ಟಿದೆ. ಎರಡು ಕಥೆಗಳನ್ನೂ ಅವುಗಳ ಕಾಲದೊಡನೆ ವಿದ್ಯಾರ್ಥಿಗಳ ಮುಂದೆ ಇರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಬಳ್ಳಿಗಾವೆಗೆ ಅಧ್ಯಯನ ಪ್ರವಾಸವನ್ನು ಕೈಗೊಳ್ಳುವವರು ಕೇದಾರೇಶ್ವರದ ಶಿಲ್ಪವನ್ನು ನೋಡಿದ ಮೇಲೆ ೧೧೬೨ರ ಶಾಸನದ ಆ ಪಟ್ಟಿಯನ್ನು ಒಮ್ಮೆ ಓದಿಸಬೇಕು; ವಾದಕರು ಎಂಬ ಒಂದೇ ಪದದಲ್ಲಿ ಎಷ್ಟು ಮಂದಿಯ ಬಾಳು ಅಡಗಿದೆಯೆಂಬುದನ್ನು ವಿವರಿಸಬೇಕು. ಸೊರಬ, ಸಾಗರ ಸೀಮೆಗಳ ಯಕ್ಷಗಾನದಲ್ಲಿ ಮದ್ದಳೆಯು ಇಂದಿಗೂ ವೇಷಧಾರಿಯ ಹೆಜ್ಜೆಯನ್ನು ಅನುಸರಿಸಿ ನುಡಿಯುತ್ತಿದೆ. ಅಲ್ಲಿಯ ಹಿರಿಯ ಮದ್ದಳೆಗಾರರು ಒಬ್ಬೊಬ್ಬ ಕಲಾವಿದನ ನಡೆಗೆ ತಕ್ಕಂತೆ ವಾದನವನ್ನು ಹೇಗೆ ಮಾರ್ಪಡಿಸಿಕೊಳ್ಳುತ್ತಾರೆಂಬುದನ್ನು ಅವರಿಂದಲೇ ಕೇಳಿ ಬರೆದಿಡುವ ಕೆಲಸವು ಇತಿಹಾಸ ಮತ್ತು ಜಾನಪದ ವಿಭಾಗಗಳು ಕೂಡಿ ಮಾಡತಕ್ಕದ್ದಾಗಿದೆ. ಆ ಕೆಲಸಕ್ಕೆ ಶಿಕಾರಿಪುರ ಮತ್ತು ಸೊರಬಗಳ ಕಾಲೇಜು ವಿದ್ಯಾರ್ಥಿಗಳೇ ಮೊದಲಾಗಿ ತೊಡಗುವುದು ಉಚಿತವಾದುದು.